ಮುಚ್ಚಳದ ಮೇಲೆ ಹೆಬ್ಬೆರಳು

"ಇದನ್ನ ಕ್ರಿಸ್‌ಮಸ್‌ವರೆಗೂ ಮುಟ್ಟಲ್ಲ ಕಣೇ ಡಾರ್ಲಾ. ನೆಲಮಾಳಿಗೇಲಿ ಇಟ್ಬಿಡ್ತೀನಿ," ಎನ್ನುತ್ತ ವಿಲ್ಡಮ್ಮ ಸೌತೆ ಉಪ್ಪಿನಕಾಯಿಯ ಬಾಟಲಿ ಎತ್ತಿಕೊಂಡರು. ಮುಚ್ಚಳದ ನಡುವೆ ಹೆಬ್ಬೆರಳು ಇಟ್ಟುಕೊಂಡೇ ಅವಳ ಮುಖ ನೋಡಿದರು.

"ಇಡಿ, ಅದಕ್ಕೇನಂತೆ," ಎಂದು ಡಾರ್ಲಾ ನಕ್ಕಳು.

ನಗಬಾರದಿತ್ತು. ಅಮೆರಿಕದ ಟೆನೆಸಿಯ ಆ ಗುಡ್ಡದೂರಿನ ಚರ್ಚಿನಲ್ಲಿ ಆಗಸ್ಟ್ ಬಂತೆಂದರೆ ಹೆಂಗಸರು ತಾವು ಮಾಡಿದ್ದನ್ನು ಮೇಜಿನ ಮೇಲಿಟ್ಟು ಹಂಚಿಕೊಳ್ಳುತ್ತಾರೆ. ಅಲ್ಲಿಡುವ ಬಾಟಲಿ ನೀರಿನಲ್ಲಿ ಕುದ್ದು, ಮುಚ್ಚಳ ಒಳಕ್ಕೆ ಎಳೆದು ಕಚ್ಚಿಕೊಂಡಿರಬೇಕು. ವರ್ಷವಾದರೂ ಕಪಾಟಿನಲ್ಲಿ ಕೆಡಬಾರದು. ಫ್ರಿಜ್ಜಿನ ಉಪ್ಪಿನಕಾಯಿ ಸೋಮಾರಿಗಳ ಕೆಲಸ. ಮಾಡದವರು ಯಾರೂ ಇಲ್ಲ, ಆದರೆ ಮನೆಯೊಳಗೆ ತಿಂದು ಬಾಯಿ ಒರೆಸಿಕೊಳ್ಳಬೇಕು, ಅಷ್ಟೆ.

ಹೋದ ವರ್ಷ ಡಾರ್ಲಾಳ ಬಾಟಲಿಗಳು ಕುದಿಯುವ ಹಂಡೆಯಲ್ಲೇ ತಳ ಒಡೆದುಕೊಂಡಿದ್ದವು. ಊರೆಲ್ಲ ಆಡಿಕೊಂಡು ನಕ್ಕಿತು. ಈ ಸಲ ಅವಳು ಹಂಡೆಯ ಸಹವಾಸಕ್ಕೇ ಹೋಗಲಿಲ್ಲ. ಸೌತೆಕಾಯಿ ಹೆಚ್ಚಿ, ಬೆಳ್ಳುಳ್ಳಿ ಜಜ್ಜಿ, ಕೆಂಪು ಮೆಣಸಿನಕಾಯಿ ಸೀಳಿ ಹಾಕಿ, ಬಿಸಿ ವಿನೆಗರ್ ಸುರಿದು ಫ್ರಿಜ್ಜಿಗೆ ತಳ್ಳಿದಳು. ಭಾನುವಾರ ಬೆಳಿಗ್ಗೆ ಬಾಟಲಿಗಳ ಬೆವರು ಒರೆಸಿ, ರಿಬ್ಬನ್ ಕಟ್ಟಿ ಮೇಜಿನ ಮೇಲಿಟ್ಟಳು. ಒಬ್ಬೊಬ್ಬರೂ ಬಂದು ಎತ್ತಿ ನೋಡಿ, "ಚೆನ್ನಾಗಿ ಬಂದಿದೆ ಕಣೇ," ಎಂದು ಚೀಲಕ್ಕೆ ಹಾಕಿಕೊಂಡರು. ಅವಳು ಹಿಗ್ಗಿಹೋದಳು.

ಹಿಗ್ಗು ಸಂಜೆಯವರೆಗೂ ಉಳಿಯಲಿಲ್ಲ. ಬೇರೆಯವರು ಈ ವಾರವೇ ತಿಂದು ಮುಗಿಸುತ್ತಾರೆ. ಆದರೆ ಕುದಿಸದ ಬಾಟಲಿ ಕ್ರಿಸ್‌ಮಸ್‌ವರೆಗೆ ನೆಲಮಾಳಿಗೆಯಲ್ಲಿ ಕೂತರೆ ವಿಷವಾಗಬಹುದೆಂದು ಆ ಊರಿನ ಮಕ್ಕಳಿಗೂ ಗೊತ್ತು. ವಿಲ್ಡಮ್ಮನಿಗೋ ಎಂಬತ್ತು ದಾಟಿದೆ.

"ಒಂದು ಫೋನ್ ಮಾಡಿ ಹೇಳ್ಬಾರ್ದಾ?" ಎಂದ ಗಂಡ ರಾಯ್ಸ್. "ಅವರೇನು ನಿನ್ನ ತಲೆ ತೆಗೀತಾರಾ?"

"ಕ್ರಿಸ್‌ಮಸ್‌ಗೆ ಇನ್ನೂ ಬೇಕಾದಷ್ಟು ದಿನ ಇದೆ ಬಿಡಿ."

"ಆ ಮುದುಕಿಗೆ ಅದಕ್ಕೂ ಮುಂಚೆನೇ ತಿನ್ಬೇಕು ಅನ್ನಿಸ್ದೆ ಇರುತ್ತಾ?" ಎಂದು ಕೇಳಿ ಅವನು ತಟ್ಟೆಯತ್ತ ತಿರುಗಿದ. ಅವಳಿಗೆ ಊಟ ಸೇರಲಿಲ್ಲ. ಆದರೂ ಫೋನ್ ಎತ್ತಲಿಲ್ಲ.

ಗುರುವಾರ ಒಂದು ಉಪಾಯ ಹೊಳೆಯಿತು. ದೊಡ್ಡ ಕೈಚೀಲ ಹಿಡಿದು ವಿಲ್ಡಮ್ಮನ ಮನೆಗೆ ಹೋಗಿ, ಖಾಲಿ ಬಾಟಲಿ ಬೇಕಿತ್ತು ಎಂದಳು.

"ಕೆಳಗಿವೆ, ನೀನೇ ತಗೋ ಹೋಗು. ನನ್ನ ಮಂಡಿ ಬಗ್ಗಲ್ಲ."

ನೆಲಮಾಳಿಗೆಯ ಕಪಾಟಿನಲ್ಲಿ ಟೊಮೇಟೊ, ಬೀನ್ಸ್, ಪೀಚ್ ಬಾಟಲಿಗಳು ಸಾಲಾಗಿ ಕೂತಿದ್ದವು. ಅವಳ ಕೈ ಒಂದೊಂದನ್ನೂ ಸರಿಸಿ ಹಿಂದೆ ಹುಡುಕಿತು. ರಿಬ್ಬನ್ನಿನ ಬಾಟಲಿ ಎಲ್ಲೂ ಇಲ್ಲ. ಇಲ್ಲಿಟ್ಟುಕೊಂಡು ತಿಂದೇಬಿಟ್ಟರೇ ಎಂದು ಮತ್ತೆ ಮೊದಲ ಸಾಲಿನಿಂದ ಹುಡುಕತೊಡಗಿದಳು.

"ಅಲ್ಲಿಲ್ಲ ಕಣೇ," ಮೆಟ್ಟಿಲ ಮೇಲಿನಿಂದ ವಿಲ್ಡಮ್ಮನ ದನಿ ಬಂತು. "ಫ್ರಿಜ್ಜಲ್ಲಿದೆ. ಮೇಲೆ ಬಾ."

ಡಾರ್ಲಾ ಮೇಲೆ ಬಂದಳು. ಬಾಟಲಿ ಆಗಲೇ ಫ್ರಿಜ್ಜಿನಿಂದ ಅಡುಗೆಮನೆಯ ಮೇಜಿಗೆ ಬಂದಿತ್ತು, ಅರ್ಧ ಖಾಲಿಯಾಗಿತ್ತು. ವಿಲ್ಡಮ್ಮ ಒಂದು ಹೋಳು ಬಾಯಿಗೆ ಹಾಕಿಕೊಂಡು ಮುಚ್ಚಳ ಮುಚ್ಚಿದರು.

"ಒಳ್ಳೇ ಖಾರ. ನನಗಿಷ್ಟವಾಯ್ತು."

"ನಿಮಗೆ... ಯಾವಾಗ ಗೊತ್ತಾಯ್ತು?"

"ಎತ್ತಿಕೊಂಡಾಗಲೇ. ಮುಚ್ಚಳ ಒತ್ತಿದ್ರೆ ಟಕ್ ಅಂತು. ಕುದಿಸಿದ್ದಾದ್ರೆ ಅಲುಗೋದೇ ಇಲ್ಲ. ನಾನೊಬ್ಬಳೇ ಅಲ್ಲ, ಎಲ್ಲರೂ ಒತ್ತಿ ನೋಡಿದ್ರು."

ಡಾರ್ಲಾಳ ಕಣ್ಣ ಮುಂದೆ ಆ ಮೇಜು ಬಂತು. ಒಂದೊಂದು ಮುಚ್ಚಳದ ಮೇಲೂ ಒಂದೊಂದು ಹೆಬ್ಬೆರಳು. ಆಮೇಲೆ ಆ ಮೆಚ್ಚುಗೆಯ ಮಾತು. ಕಿವಿಯವರೆಗೂ ಮುಖ ಸುಟ್ಟಿತು.

"ಹಾಗಾದ್ರೆ ಕ್ರಿಸ್‌ಮಸ್‌ವರೆಗೆ ಇಡ್ತೀನಿ ಅಂತ ಯಾಕಂದ್ರಿ?"

"ಆಗಲಾದ್ರೂ ಬಾಯಿ ಬಿಡ್ತೀಯೇನೋ ಅಂತ," ವಿಲ್ಡಮ್ಮ ತಣ್ಣಗೆ ಹೇಳಿದರು. "ಸೋಮವಾರ ಫೋನ್ ಹತ್ರಾನೇ ಕೂತಿದ್ದೆ. ಮಂಗಳವಾರಾನೂ. ನಿನ್ನೆಯಿಂದ ಕಾಯೋದು ಬಿಟ್ಟೆ."

ಡಾರ್ಲಾ ಕುರ್ಚಿಯಲ್ಲಿ ಕೂತಳು. ತಂದಿದ್ದ ದೊಡ್ಡ ಚೀಲವನ್ನು ಚಿಕ್ಕದಾಗಿ ಮಡಚಿ ಮಡಿಲಲ್ಲಿಟ್ಟುಕೊಂಡಳು.

"ಕೂತಿರು, ಟೀ ತರ್ತೀನಿ," ಎಂದು ವಿಲ್ಡಮ್ಮ ಮಂಡಿ ಹಿಡಿದುಕೊಂಡು ಎದ್ದರು. ಅವರ ಬೆನ್ನು ತಿರುಗಿದ ಮೇಲೆ ಡಾರ್ಲಾ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮುಚ್ಚಳದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಟಕ್ ಎಂದಿತು. ಬೆರಳು ತೆಗೆದರೆ ಮತ್ತೆ ಸದ್ದಾಗುತ್ತದೆಂದು, ಟೀ ಬರುವವರೆಗೂ ಹಾಗೇ ಒತ್ತಿ ಹಿಡಿದು ಕೂತಳು.