ಕುಂಬಳದ ಹಳೆಯ ಹೆಸರು

ಕೆಜಿಯಾ ಅಜ್ಜಿ ಮಿಕ್ಕೆಲ್ಲ ಮಾತುಗಳನ್ನು ಪ್ರಾರ್ಥನೆಯಷ್ಟು ಮೆಲ್ಲಗೆ ಆಡುತ್ತಿದ್ದಳು. ಒಂದು ಪದವನ್ನು ಮಾತ್ರ ತೆಂಗಿನ ತೋಪಿನಾಚೆಗೂ ಕೇಳುವಂತೆ ಗಟ್ಟಿಯಾಗಿ ನುಡಿಯುತ್ತಿದ್ದಳು. ಅದು ಕುಂಬಳಕಾಯಿಯ ಹಳೆಯ ಹೆಸರು.

ನಾನ್‌ಕೌರಿ ದ್ವೀಪದ ನಮ್ಮ ಕಡಲಂಚಿನ ಊರಿನಲ್ಲಿ, ಕೊಬ್ಬರಿ ಒಯ್ಯಲು ಬಂದ ಹಾಯಿಹಡಗುಗಳು ಅದರ ಬೀಜ ತಂದುದರಿಂದ ಹಿರಿಯರು ಮೊದಲಿಗೆ ‘ಹಡಗಿನ ಕಾಯಿ’ ಎಂದರಂತೆ. ಆಮೇಲೆ ಬಂದದ್ದು ಹೊಂಬಣ್ಣವೆಂಬ ಅರ್ಥದ ಮುದ್ದಾದ ಹೆಸರು. ಕೆಜಿಯಾ ತನ್ನ ಒಬ್ಬಳೇ ಮಗಳಿಗೂ ಅದನ್ನೇ ಇಟ್ಟಳು. ಮದುವೆಯ ವಯಸ್ಸಿನಲ್ಲಿ ಆ ಹುಡುಗಿ ಜ್ವರದಿಂದ ಪ್ರಭುವಿನ ಪಾದ ಸೇರಿದಾಗ, ಸತ್ತವರ ಹೆಸರೆತ್ತಿದರೆ ಅವರ ವಿಶ್ರಾಂತಿ ಕೆಡುವುದೆಂಬ ನಮ್ಮವರ ಕಟ್ಟಳೆಯಂತೆ ಹೆಸರೂ ಅವಳೊಡನೆ ಮಣ್ಣಾಯಿತು, ಕಾಯಿ ‘ಬಳ್ಳಿಹೊಟ್ಟೆ’ಯಾಯಿತು. ಊರು ಒಪ್ಪಿತು, ತಾಯಿ ಒಪ್ಪಲಿಲ್ಲ. ಆ ಹೆಸರನ್ನು ನಾನೂ ಇಲ್ಲಿ ಬರೆಯಲಾರೆ.

ಎಡಸೊಂಟಕ್ಕೆ ಬುಟ್ಟಿಯನ್ನೊತ್ತಿ ವಾಲುತ್ತ ನಡೆಯುವ ಅವಳು ಬೇಲಿಯ ಬಳಿ ನಿಂತು ಆ ಪದ ಕೂಗಿದರೆ, ಹೆಂಗಸರು ಮಕ್ಕಳ ಕಿವಿ ಮುಚ್ಚುತ್ತಿದ್ದರು. ಊರಿನ ಮುಖಂಡನನ್ನು ನಮ್ಮಲ್ಲಿ ಕ್ಯಾಪ್ಟನ್ ಎನ್ನುತ್ತಾರೆ; ಆ ಕ್ಯಾಪ್ಟನ್ ಓಬೇದ್ ಅವಳ ಮೈದುನ. ಗದರಿಸುವುದು ಅವನ ಪಾಲಿಗೆ ಬಂದಿತ್ತು.

“ಅತ್ತಿಗೆ, ಸಾಕು ಮಾಡಿ. ಮಗು ಮಣ್ಣಲ್ಲಿ ನೆಮ್ಮದಿಯಾಗಿ ಮಲಗಿರ್ಲಿ ಬಿಡಿ.”

“ನಿನ್ನ ಹಂದೀನ ಹೊತ್ತುಹೊತ್ತಿಗೂ ಹೆಸರು ಹಿಡಿದು ಕರೀತೀಯಲ್ಲೋ ಓಬೇದ. ನನ್ನ ಮಗಳನ್ನ ನಾನು ಕರೀಬಾರ್ದಾ?”

ದೇವರೇ ಅವಳನ್ನು ಹೆಸರು ಹಿಡಿದು ಕರೆದುಕೊಂಡಿದ್ದಾನೆ ಎಂದು ಸಭೆಯ ಉಪದೇಶಿಯಾದ ನಾನೂ ಸಂತೈಸಿದ್ದುಂಟು.

“ಅವನು ಕರೀಲಿ ಉಪದೇಶಿಗಳೇ, ಅವನಿಗೆ ಅವಳು ಸಿಕ್ಕಿದಾಳೆ. ನನಗೆ ಉಳಿದಿರೋದು ಈ ಕೂಗೊಂದೇ.”

ಸುಗ್ಗಿ ಹಬ್ಬದ ಆರಾಧನೆಯಲ್ಲಿ, ತಂದ ಬೆಳೆಯ ಹೆಸರು ಹೇಳಿ ಕಾಣಿಕೆಯಿಡುವುದು ನಮ್ಮ ಪದ್ಧತಿ. ಕಳೆದ ವರ್ಷ ಅವಳು ಕುಂಬಳವನ್ನೆತ್ತಿ ಹಿಡಿದಾಗ ಸಭೆಯೆಲ್ಲ ತಲೆ ತಗ್ಗಿಸಿ ಕಾದಿತ್ತು. ಕೂಗು ಬರಲಿಲ್ಲ. ತುಟಿಗಳು ತಡಕಾಡಿದವು.

“ಇದಕ್ಕೆ ನಾನು ಏನಂತಿದ್ದೆ?” ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಿವಿ ಮುಚ್ಚಿಸಿಕೊಂಡೇ ಬೆಳೆದ ಎಳೆಯರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರ ಬಾಯಿ ಕಟ್ಟಿತ್ತು.

ಆಗ ಹಿರಿಯರ ಬೆಂಚಿನಿಂದ ಎದ್ದವನು ಓಬೇದ್. ಅವಳ ಪಕ್ಕಕ್ಕೆ ಬಂದು, ಎಲ್ಲರಿಗೂ ಕೇಳುವಂತೆ ಆ ಹೆಸರು ಹೇಳಿದ. ಯಾರೂ ಯಾರ ಕಿವಿಯನ್ನೂ ಮುಚ್ಚಲಿಲ್ಲ.

ಅಜ್ಜಿ ಅವನತ್ತ ನೋಡಿ ಮೆಲ್ಲಗೆ ನಕ್ಕಳು. “ಎಷ್ಟು ಮುದ್ದಾಗಿದೆ. ಯಾರ ಹೆಸರಪ್ಪಾ ಅದು?”

ಊರು ಮರೆಯಬಯಸಿದ ದುಃಖವನ್ನು ಒಂಟಿಯಾಗಿ ಹೊತ್ತು ನಡೆಯುವ ಇಂಥ ತಾಯಂದಿರನ್ನು ನಾವು ಹಟಮಾರಿಗಳೆನ್ನುತ್ತೇವೆ. ನೆನಪೂ ಅವರ ಕೈಬಿಟ್ಟ ದಿನ, ಆ ಹೊರೆಯನ್ನೆತ್ತಿಕೊಳ್ಳಲು ಕರುಣಾಮಯನು ಬಾಗಿಸುವುದು ಅವರನ್ನು ಗದರಿಸಿದವರ ಹೆಗಲನ್ನೇ.