ಒಂದು ದಿನದ ಅಜ್ಜಿ

ಎಲ್ಲಿಂದ ಶುರು ಮಾಡಲಿ? ರಾಟರ್‌ಡ್ಯಾಮಿನ ಗಾಜಿನ ಆಫೀಸಿನಿಂದ ಶುರು ಮಾಡಿದ್ದೆ. ಎರಡು ಪುಟವಾದ ಮೇಲೆ, ಅಲ್ಲಿಯ ಕಾಫಿ ಮೆಷಿನ್ ಬಿಟ್ಟು ನನಗೇನೂ ಗೊತ್ತಿಲ್ಲವೆಂದು ತಿಳಿದು ಹರಿದು ಹಾಕಿದೆ. ಚನ್ನಪಟ್ಟಣಕ್ಕೇ ಬನ್ನಿ.

೨. (೧ ಹರಿದುಹೋಯಿತಲ್ಲ.) ಅನೀಸಾ, ಧನುಶ್ರೀ ಇಬ್ಬರೂ ರಾಟರ್‌ಡ್ಯಾಮಿನ ಒಂದೇ ಆಟಿಕೆ ಕಂಪನಿಯಲ್ಲಿ ಡಿಸೈನರ್‌ಗಳು. ಅನೀಸಾ ಚನ್ನಪಟ್ಟಣದವಳು, ಅವಳ ನಾನಿ, ಅಂದರೆ ತಾಯಿಯ ತಾಯಿ ಗುಲ್ಜಾರ್ ಬೀ, ನಲವತ್ತು ವರ್ಷ ಲೇತ್ ಮುಂದೆ ಕೂತು ಗೊಂಬೆ ಕಡೆದವಳು. ಧನುಶ್ರೀ ಕೋಡಿಹಳ್ಳಿಯವಳು; ಅವಳ ಅಜ್ಜಿ ದೊಡ್ಡಲಕ್ಷ್ಮಮ್ಮನಿಗೆ ಗೊತ್ತಿದ್ದದ್ದು ಎಮ್ಮೆ. ಆಟಿಕೆ ಕಂಪನಿಯಲ್ಲಿ ಎಮ್ಮೆಗೆ ಪ್ರಮೋಷನ್ ಕೊಡುವುದಿಲ್ಲ. ಹೆಡ್ ಡಿಸೈನರ್ ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದಾಗ ಧನುಶ್ರೀ, ಗುಲ್ಜಾರ್ ಬೀಯ ಬದುಕನ್ನೆಲ್ಲ ತನ್ನಜ್ಜಿಯದೆಂದು ಸ್ಲೈಡ್ ಮಾಡಿ ತೋರಿಸಿದಳು. ಮ್ಯಾನೇಜರ್ ಮಾರ್ಲೀನ್ ಕಣ್ಣೊರೆಸಿಕೊಂಡಳು. ಹಿಂದಿನ ಸಾಲಿನಲ್ಲಿದ್ದ ಅನೀಸಾಳ ಕಾಫಿ ಆರಿಹೋಯಿತು. ಆ ಹುದ್ದೆ ಅವಳಿಗೆ ಬಹಳ ಬೇಕಿತ್ತು.

ಆಮೇಲೆ ಮಾರ್ಲೀನ್, ಆ ಅಜ್ಜಿಯನ್ನು ನೋಡಲೇಬೇಕೆಂದು ಇಬ್ಬರನ್ನೂ ಕರೆದುಕೊಂಡು ವಿಮಾನ ಹತ್ತಿಬಿಟ್ಟಳು.

(ಇಲ್ಲೊಂದು ಜಗಳ ಬರೆದಿದ್ದೆ. ಅನೀಸಾ ಒಪ್ಪಲಿಲ್ಲ. "ನಾನ್ ಜಗ್ಳ ಆಡ್ಲಿಲ್ಲ ಮೇಡಂ. ನನ್ ಕೆಲ್ಸ ಹೋದಾಗ ಮೂರ್ ತಿಂಗ್ಳು ತನ್ ರೂಮಲ್ಲಿ ಇಟ್ಕೊಂಡು ಊಟ ಹಾಕ್ದೋಳು ಅವ್ಳು." ಜಗಳ ಹೊಡೆದುಹಾಕಿದೆ. ಚೆನ್ನಾಗಿ ಬಂದಿತ್ತು, ಹೊಟ್ಟೆ ಉರಿಯಿತು.)

೩. "ಒಂದಿನ ನಿಮ್ ನಾನಿ ಅಂಗ್ಡಿ ಕೊಡೇ," ಎಂದು ಧನುಶ್ರೀ ಕೇಳಿದಳು. ಅನೀಸಾ ಕೊಟ್ಟಳು. ಮೊಮ್ಮಗಳೇ ಅನುವಾದ ಮಾಡಿದರೆ ಪಕ್ಷಪಾತವಾದೀತೆಂದು ಮಾರ್ಲೀನ್ ಆ ಕೆಲಸವನ್ನೂ ಅನೀಸಾಳಿಗೇ ವಹಿಸಿದಳು. ಏನು ನ್ಯಾಯ, ಏನು ಕತೆ.

ಹೊಸ ಸೀರೆಯುಟ್ಟ ದೊಡ್ಡಲಕ್ಷ್ಮಮ್ಮ ತಿರುಗುವ ಲೇತ್ ಮುಂದೆ ಕೂತಳು. ಗುಲ್ಜಾರ್ ಬೀ ತನ್ನದೇ ಅಂಗಡಿಯಲ್ಲಿ ಪಕ್ಕದ ಮನೆಯವಳಾಗಿ ಸ್ಟೂಲಿನ ಮೇಲಿದ್ದಳು. ಬಣ್ಣ ಹಾಕಿ ತೋರಿಸಿ ಎಂದಳು ಮಾರ್ಲೀನ್. ದೊಡ್ಡಲಕ್ಷ್ಮಮ್ಮ ಬಣ್ಣದ ಅರಗಿನ ಕಡ್ಡಿಯನ್ನು ತಿರುಗಿಸಿ ನೋಡಿ, ಪಕ್ಕದ ಚೊಂಬಿನ ನೀರಿನಲ್ಲಿ ಅದ್ದಿದಳು. ಉಜ್ಜಿದ ಬಿಸಿಗೆ ಕರಗಬೇಕಾದ ಅರಗು ಅದು.

"ನಂಗಿದೆಲ್ಲ ಬರಕಿಲ್ಲ ಕಣವ್ವ," ಅಂದಳು. "ನಾನ್ ಎಮ್ಮೆ ಸಾಕ್ಕಂಡಿದ್ದೋಳು. ಈ ಮಗ ಕೂತ್ಕೊ ಅಂತು, ಕೂತ್ಕಂಡೆ."

ಅಜ್ಜಿ ಏನಂದರು? ಮಾರ್ಲೀನ್ ಅನೀಸಾಳತ್ತ ತಿರುಗಿದಳು.

೪. ಒಂದು ಕೊನೆ: ಅನೀಸಾ ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ. ಹುದ್ದೆ ಸಿಗುತ್ತದೆ, ಗೆಳತಿ ಹೋಗುತ್ತಾಳೆ.

ಇನ್ನೊಂದು: ಅಜ್ಜಿಗೆ ಕೈ ನಡುಗುತ್ತದಂತೆ ಎನ್ನುತ್ತಾಳೆ. ಗೆಳತಿ ಉಳಿಯುತ್ತಾಳೆ, ನಾನಿ ಕೊನೆಯವರೆಗೂ ಪಕ್ಕದ ಮನೆಯವಳು.

(ಮೂರನೆಯದರಲ್ಲಿ ಕರೆಂಟ್ ಹೋಗುತ್ತದೆ. ನಾಚಿಕೆಯಾಗಿ ತೆಗೆದೆ.)

ಅಷ್ಟರಲ್ಲಿ, ನನ್ನನ್ನೊಂದು ಮಾತೂ ಕೇಳದೆ, ಗುಲ್ಜಾರ್ ಬೀ ಎದ್ದು ಬಂದಳು. ಕಡ್ಡಿಯನ್ನು ಸೆರಗಿನಲ್ಲಿ ಒರೆಸಿ ದೊಡ್ಡಲಕ್ಷ್ಮಮ್ಮನ ಕೈಗಿಟ್ಟು, ಆ ಕೈಯನ್ನು ಹಿಡಿದುಕೊಂಡಳು. "ನೀರ್ ಬ್ಯಾಡಮ್ಮ. ಒಸಿ ಒತ್ತು. ತಾನೇ ಕರಗ್ತದೆ." ಗೊಂಬೆಗೆ ಕೆಂಪು ಏರಿತು. ಧನುಶ್ರೀ ಅಳುತ್ತಿದ್ದಳು. ಮಾರ್ಲೀನ್ ಇನ್ನೂ ಕಾಯುತ್ತಿದ್ದಳು.

"ಹೇಳಮ್ಮ ಅನೀಸಾ," ಅಂದೆ. "ಓದೋರು ಕಾಯ್ತಿದ್ದಾರೆ."

"ಹೇಳ್ತೀನಿ ಮೇಡಂ. ಮೊದ್ಲು ನೀವು ಹೇಳಿ. ಈ ಕಥೇಗೆ ನಮ್ ನಾನೀನ ತಗೊಂಡ್ರಲ್ಲ, ಅವ್ರನ್ನ ಒಂದ್ ಮಾತು ಕೇಳಿದ್ರಾ?"

ನಾನು ಪೆನ್ನಿನ ಕ್ಯಾಪ್ ಹುಡುಕುತ್ತಿದ್ದೇನೆ.