ಹಂಚುವ ಹಾಲು

ಅಪ್ಪ ಹೋಗಿ ಎಂಟು ತಿಂಗಳಾಯಿತು. ಅಮ್ಮ ಬೆಳಗಿನ ಬಸ್ಸು ಹಿಡಿದು ಗೋದಾಮಿಗೆ ಪಾರ್ಸೆಲ್ ಕಟ್ಟಲು ಹೋಗುತ್ತಾಳೆ. ನನಗೆ ಹದಿನೈದು. ನಾವಿರುವ ಪರದೇಶದ ಊರು ಆಲ್ಮೆರೆಯ ಆಚೆ, ಹೆಂಕ್ ಅವರ ಹಸುಗಳ ಫಾರ್ಮಿನಲ್ಲಿ ಶನಿವಾರ, ಭಾನುವಾರ ಕರುಗಳಿಗೆ ಹಾಲು ಕುಡಿಸುತ್ತೇನೆ. ನನ್ನ ಸಂಬಳದಲ್ಲಿ ವಾರದ ದಿನಸಿ ಬರುತ್ತದೆ. ಅಪ್ಪ ತೀರಿಕೊಂಡಾಗ ಅಳು ಬಂತಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ, ಅಳು ಬರಲಿಲ್ಲ.

ಶನಿವಾರ ಹೆಂಕ್ ಒಂದು ಬಾಟ್ಲಿ ಕೊಟ್ಟು ಫ್ರೀಜರಿನಲ್ಲಿಡು ಎಂದರು. ಆಗಷ್ಟೇ ಈದ ಹಸುವಿನ ಹಳದಿ ಹಾಲು, ಗಿಣ್ಣುಹಾಲು. ಹೊರಡುವಾಗ ಒಂದು ಬಾಟ್ಲಿ ಹಾಲು ಒಯ್ಯಿ ಎಂದು ಅವರೇ ಪ್ರತಿ ವಾರ ಹೇಳುವುದು. ಅಪ್ಪನ ಊರಲ್ಲಿ ಗಿಣ್ಣುಹಾಲು ಮಾರುವುದಿಲ್ಲವಂತೆ, ಕೇರಿಗೆಲ್ಲ ಹಂಚುತ್ತಾರಂತೆ. ಕರು ಕುಡಿದು ಮಿಕ್ಕಿದ್ದು, ಹಂಚಲಿಕ್ಕೇ ಇಟ್ಟಿದ್ದಾರೆ ಅಂದುಕೊಂಡೆ. ಈ ವಾರದ ಹಾಲಿನ ಬದಲು ಅದನ್ನೇ ಒಯ್ದೆ.

"ಇದೆಲ್ಲಿ ಸಿಕ್ತೇ ನಿಂಗೆ?" ಅಮ್ಮ ಬಾಟ್ಲಿಯನ್ನು ಮೂಸಿ ನೋಡಿದಳು.

ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದಳು. ಅಪ್ಪನ ಫೋಟೋ ಮುಂದೆ ಒಂದು ತುಂಡು ಇಟ್ಟಳು. ಇಷ್ಟು ದಿನ ನಿಂತುಕೊಂಡೇ ಎರಡು ತುತ್ತು ನುಂಗುತ್ತಿದ್ದವಳು ಅವತ್ತು ಕೂತು ತಿಂದಳು. ತಮ್ಮ ಶಮಂತ್ ತಟ್ಟೆ ನೆಕ್ಕಿದ.

ಭಾನುವಾರ ಬೆಳಿಗ್ಗೆ ಇನ್ನೊಂದು ಹಸು ಈದಿತ್ತು. ಚೊಚ್ಚಲು, ಕೆಚ್ಚಲಲ್ಲಿ ಹನಿ ಹಾಲಿಲ್ಲ. ಕರು ಸಣ್ಣದು, ಏಳಲಾರದೆ ಮಲಗಿತ್ತು. ಹೆಂಕ್ ಫ್ರೀಜರ್ ತೆರೆದರು.

"ನಿನ್ನೆಯ ಬಾಟ್ಲಿ ಎಲ್ಲಿ?"

ನಾನು ಒಯ್ದದ್ದನ್ನು ಯಾರೂ ನೋಡಿರಲಿಲ್ಲ. ಗೊತ್ತಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ನಾನು ತಗೊಂಡು ಹೋದೆ. ನಾವು ತಿಂದ್ವಿ," ಎಂದೆ.

ಹೀಗೆ ತಾಯಿಗೆ ಹಾಲಿಲ್ಲದ ಕರುವಿಗೆಂದೇ ಆ ಬಾಟ್ಲಿ ಎತ್ತಿಡುವುದಂತೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಗಿಣ್ಣುಹಾಲು ಕರುವಿನ ಹೊಟ್ಟೆಗೆ ಹೋಗಬೇಕಂತೆ, ಇಲ್ಲದಿದ್ದರೆ ಉಳಿಯುವುದು ಕಷ್ಟವಂತೆ. ಹೆಂಕ್ ಪಕ್ಕದ ಫಾರ್ಮಿಗೆ ಓಡಿದರು. ಹಾಲು ಬರುವಷ್ಟರಲ್ಲಿ ಕರು ನನ್ನ ತೊಡೆಯ ಮೇಲೆ ಸತ್ತುಹೋಗಿತ್ತು. ನನಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಮಾತ್ರ ಹೆದರಿಕೆಯಾಯಿತು.

ಹೆಂಕ್ ಬಯ್ಯಲಿಲ್ಲ. ಬೂಟುಗಳನ್ನು ತೊಳೆದಿಡು, ಮುಂದಿನ ವಾರದಿಂದ ಬರಬೇಡ ಎಂದರು. ತೊಳೆದಿಟ್ಟು ಸೈಕಲ್ ಹತ್ತಿದೆ.

ಮನೆಯಲ್ಲಿ ಆ ಬಾಟ್ಲಿ ತೊಳೆದು ಬೋರಲು ಹಾಕಿತ್ತು.

"ಶನಿವಾರ ಇನ್ನೊಂದು ಕೊಡ್ತಾರಾ ಕೇಳೇ," ಎಂದಳು ಅಮ್ಮ. "ಅವ್ರಿಗೂ ಒಂದು ಡಬ್ಬಿ ಗಿಣ್ಣು ಮಾಡಿ ಕಳಿಸ್ತೀನಿ. ಪಾಪ, ಎಷ್ಟು ಒಳ್ಳೇ ಜನ."

"ಹೂಂ ಅಮ್ಮ," ಎಂದೆ.

ಅವಳು ಆಗಲೇ ಸ್ಟೀಲ್ ಡಬ್ಬಿಗೆ ಮುಚ್ಚಳ ಹುಡುಕುತ್ತಿದ್ದಳು.